ಏಳು ಕೈ ಚಾಚಿದ ಬೆಳಗು

ಕೊನೆಯಲ್ಲಿ ‘ಕಿವಿ’ ಎಂದಿದೆ. ಅಷ್ಟು ಖಂಡಿತ. ಅದಕ್ಕೆ ಮೊದಲು ಇನ್ನೊಂದು ತುಂಡು ಇತ್ತು. ಮುಂಗಿವಿ? ಅಲ್ಲ. ಕೊನೆಗಿವಿ? ಅದೂ ಅಲ್ಲ. ಬೇಳೆಯಲ್ಲಿ ಕಲ್ಲು ಆರಿಸುತ್ತಿರುವಾಗ ನಾಲಿಗೆಯ ತುದಿಗೆ ಬರುತ್ತದೆ, ಹಿಡಿಯೋಣವೆಂದು ಕೈ ನಿಲ್ಲಿಸಿದರೆ ಒಳಕ್ಕೆ ಸರಿದುಬಿಡುತ್ತದೆ. ಮತ್ತೆ ಕೈಯಾಡಿಸುತ್ತೇನೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ.

ಎದುರಿಗೆ ಕೂತು ಶಾಲೆಯ ಪಾಠ ಬರೆಯುತ್ತಿದ್ದ ಕಿರಿಯ ಮೊಮ್ಮಗಳು ತಲೆಯೆತ್ತಿದಳು. “ಅಜ್ಜಿ, ಒಬ್ಬರೇ ಏನು ಕಿವಿ ಕಿವಿ ಅಂತಿದ್ದೀರಾ? ಕಿವಿ ನೋಯ್ತಿದೆಯಾ?”

“ಇಲ್ಲ ಕಣೇ. ಒಂದು ಪದ ಮರೆತೆ.”

“ಹೇಳಿ, ನಿಘಂಟಿನಲ್ಲಿ ಹುಡುಕಿಕೊಡ್ತೀನಿ.”

“ಅದರಲ್ಲಿ ಸಿಗಲ್ಲ. ಅದು ಏಳೇ ಜನ ಕೇಳಿದ್ದ ಪದ.”

“ಏಳೇ ಜನಕ್ಕೆ ಗೊತ್ತಿರೋ ಪದ ಇದ್ದು ಏನು ಉಪಯೋಗ?”

ಅವಳಿಗೆ ಉತ್ತರ ಹೇಳಬೇಕಾದರೆ ನಮ್ಮೂರಿನಿಂದಲೇ ಶುರುಮಾಡಬೇಕು. ಶುರುಮಾಡಿದೆ.

ನಮ್ಮೂರು ಹೊಳೆಯ ದಡದಲ್ಲಿತ್ತು. ಊರಿಗೆ ಒಂದೇ ಬೀದಿ, ಒಂದೇ ಕಟ್ಟೆ, ಒಂದೇ ವೀಣೆ. ಆ ವೀಣೆಗೆ ಎರಡು ಸೋರೆಬುರುಡೆ, ದಂಡಿಯ ಆ ತುದಿಗೊಂದು, ಈ ತುದಿಗೊಂದು. ಒಂದನ್ನು ಬಾಯಿಸೋರೆ ಎನ್ನುತ್ತಿದ್ದರು, ಇನ್ನೊಂದನ್ನು ಕಿವಿಸೋರೆ. ಕಲಿಸುವವರು ಬಾಯಿಸೋರೆಗೆ ತುಟಿಯಿಟ್ಟು ಉಸಿರಿನಷ್ಟು ಮೆಲ್ಲಗೆ ಆಡಿದರೂ ಕಿವಿಸೋರೆಗೆ ಕಿವಿಯಿಟ್ಟವರಿಗೆ ಅದು ಕೇಳುತ್ತಿತ್ತು. ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರಿಗೂ ಕೇಳುತ್ತಿರಲಿಲ್ಲ.

ಹೊಳೆಯುದ್ದಕ್ಕೂ ಇದ್ದ ಊರುಗಳಿಗೆಲ್ಲ ಒಂದೇ ಕಟ್ಟಳೆ. ಸೋರೆಯೊಳಗೆ ಕೇಳಿದ್ದನ್ನು ಹೊರಗೆ ಆಡಬಾರದು. ಹೆತ್ತವರಿಗೆ ಹೇಳಬಾರದು, ಹಾಸಿಗೆ ಹಂಚಿಕೊಂಡವರಿಗೆ ಹೇಳಬಾರದು, ಹೊಳೆಯ ನೀರಿಗೂ ಹೇಳಬಾರದು. ಕೇಳಿದೆಯಾ ಎಂದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಆಡಿದವರು ಹೊಳೆ ದಾಟಿ ಹೋಗಬೇಕು, ಮತ್ತೆ ಬರಬಾರದು.

ಕಲಿಸುವವರು ತಮ್ಮ ಜೀವಮಾನದಲ್ಲಿ ಒಂದೇ ಸಲ, ಒಬ್ಬರೇ ಶಿಷ್ಯರಿಗೆ, ಸೋರೆಯೊಳಗೆ ಒಂದು ಮಾತು ಹೇಳುತ್ತಾರೆ. ತಾವು ಹೋದಮೇಲೆ ವೀಣೆ ನಿನ್ನದು ಎನ್ನುವ ಮಾತು. ಯಾರಿಗೆ ಹೇಳಿದರೆಂದು ಊರಿಗೆ ಗೊತ್ತಿರುವುದಿಲ್ಲ. ಅವರು ಸತ್ತ ಒಂಬತ್ತನೆಯ ಬೆಳಿಗ್ಗೆ ವೀಣೆಯನ್ನು ಕಟ್ಟೆಯ ಮೇಲಿಟ್ಟು ಬಿಳಿ ಬಟ್ಟೆ ಹೊದಿಸುತ್ತಾರೆ. ಶಿಷ್ಯರು ಸುತ್ತ ಕೂರುತ್ತಾರೆ. ಕಟ್ಟೆಯ ಹಿರಿಯ ಬಟ್ಟೆ ತೆಗೆದು ಕೆಳಗಿಳಿಯುತ್ತಾನೆ. ಆಮೇಲೆ ಊರಿಗೆ ಊರೇ ಬೆನ್ನು ತಿರುಗಿಸಿ ನಿಲ್ಲುತ್ತದೆ. ಆಗ ಒಂದು ಕೈ ಮುಂದೆ ಬರುತ್ತದೆ, ವೀಣೆಯನ್ನು ಎತ್ತಿಕೊಳ್ಳುತ್ತದೆ, ತಂತಿ ಮೀಟುತ್ತದೆ. ಆ ನಾದ ಕೇಳಿದ ಮೇಲೆಯೇ ಊರು ತಿರುಗಿ ನೋಡುವುದು. ಒಂದು ಕೈ. ಯಾವಾಗಲೂ ಒಂದೇ ಕೈ.

ನಾನು ಅವ್ವನ ಸೊಂಟದ ಮೇಲಿದ್ದ ಕಾಲದಲ್ಲಿ ಊರಿಗೆ ಕಲಿಸುವವರೇ ಇರಲಿಲ್ಲ. ಹಿಂದಿನವರು ಯಾರಿಗೂ ಏನೂ ಹೇಳದೆ ಹೊಳೆಯ ಪಾಲಾಗಿದ್ದರು. ಒಂಬತ್ತನೆಯ ಬೆಳಿಗ್ಗೆ ಊರು ಬೆನ್ನು ತಿರುಗಿಸಿ ನಿಂತಿತು, ಮಧ್ಯಾಹ್ನದವರೆಗೂ ನಿಂತಿತು, ನಾದ ಬರಲಿಲ್ಲ. ವೀಣೆ ಬಟ್ಟೆ ಹೊದ್ದು ಕಟ್ಟೆಯ ಮೇಲೆಯೇ ಉಳಿಯಿತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ವರ್ಷಕ್ಕೊಮ್ಮೆ ಬಟ್ಟೆ ಮಾತ್ರ ಬದಲಾಯಿಸುತ್ತಿದ್ದರು.

ಒಂದು ಬೆಳಿಗ್ಗೆ ಹೊಳೆ ದಾಟಿ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಗಂಟಿಲ್ಲ, ಕಾಲಲ್ಲಿ ಮೆಟ್ಟಿಲ್ಲ. ಬಲಗಿವಿ ಮಾತ್ರ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡ ಹಾಗಿತ್ತು. ನೇರ ಕಟ್ಟೆ ಹತ್ತಿದಳು, ಬಟ್ಟೆ ಸರಿಸಿದಳು, ಕೈ ಚಾಚಿದಳು, ವೀಣೆ ಎತ್ತಿಕೊಂಡಳು, ಮೀಟಿದಳು. ಊರು ಓಡಿ ಬಂತು.

“ನಿನಗೆ ಹೇಳಿದ್ದಾರಾ?” ಕಟ್ಟೆಯ ಹಿರಿಯ ಕೇಳಿಯೇಬಿಟ್ಟ.

“ಸೋರೆಯ ಮಾತು ಕೇಳ್ತಿದ್ದೀರಲ್ಲ ಯಜಮಾನರೇ,” ಎಂದಳು ಅವಳು. “ಕೇಳಬಹುದಾ?”

ಹಿರಿಯ ನಾಲಿಗೆ ಕಚ್ಚಿಕೊಂಡ. ಕಟ್ಟೆಗೆ ಹಣೆ ಮುಟ್ಟಿಸಿ ತಪ್ಪೊಪ್ಪಿಕೊಂಡ. ಗುಂಪಿನಲ್ಲಿ ನಿಂತಿದ್ದ ನಮ್ಮವ್ವ ನನ್ನ ಗಲ್ಲ ಹಿಡಿದು ಅತ್ತ ತಿರುಗಿಸಿದಳಂತೆ. “ಆ ಕಿವಿ ನೋಡೇ. ಒತ್ತಿ ಒತ್ತಿ ಹೇಗಾಗಿದೆ. ಎಷ್ಟು ಕೇಳಿರಬೇಕು ಆ ಕಿವಿ!”

ಹೀಗೆ ಅವರು ನಮ್ಮ ವೀಣೆಯಮ್ಮ ಆದರು.

ಅವರು ಏಳು ಜನರನ್ನು ತೆಗೆದುಕೊಂಡರು. ಒಬ್ಬೊಬ್ಬರಿಗೆ ವಾರದ ಒಂದೊಂದು ದಿನ. ನಮಗೆ ಬೇರೆ ಹೆಸರು ಉಳಿಯಲಿಲ್ಲ. ಸೋಮವಾರದವಳು, ಮಂಗಳವಾರದವನು, ಬುಧವಾರದವಳು, ಗುರುವಾರದವನು, ಶುಕ್ರವಾರದವಳು, ಭಾನುವಾರದವನು. ಒಂಬತ್ತು ವರ್ಷದ ನನಗೆ ಸಿಕ್ಕಿದ್ದು ಶನಿವಾರ. ಬೀದಿಯ ಮಕ್ಕಳು ಆಡಿಕೊಂಡರು, ನಾನು ಅತ್ತೆ. ಒಬ್ಬರ ದಿನ ಇನ್ನೊಬ್ಬರು ಹೊಸ್ತಿಲು ತುಳಿಯುವಂತಿರಲಿಲ್ಲ. ಒಂದು ದಿನ ತಪ್ಪಿಸಿದರೆ ಆ ದಿನದ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ಹದಿನೇಳು ವರ್ಷ ಕಲಿತರೂ ನಾವು ಏಳು ಜನ ಒಟ್ಟಿಗೆ ಕೂತದ್ದು ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ವರ್ಷ ತಂತಿ ಮುಟ್ಟಲು ಬಿಡಲಿಲ್ಲ. ಕಿವಿಸೋರೆಗೆ ಕಿವಿಯಿಟ್ಟು ಕೂರುವುದೇ ಪಾಠ. ಅವರು ನುಡಿಸುತ್ತಿದ್ದರು, ನಾನು ಸೋರೆಯೊಳಗಿನಿಂದ ಕೇಳುತ್ತಿದ್ದೆ. ಹೊರಗೆ ಜೇನಿನಂತಿದ್ದ ನಾದ ಒಳಗೆ ಬಿರುಗಾಳಿಯಂತೆ ಇರುತ್ತಿತ್ತು. ಎರಡನೆಯ ವರ್ಷ ತಂತಿ ಕಟ್ಟುವುದು, ಬಿಚ್ಚುವುದು. ಕಟ್ಟುವುದು, ಬಿಚ್ಚುವುದು. ಮೂರನೆಯ ವರ್ಷ ಒಂದೇ ಸ್ವರ.

ಅವರು ಬೈಯುತ್ತಿರಲಿಲ್ಲ. ಕೈ ತಪ್ಪಿದರೆ ವೀಣೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ನನ್ನ ತಪ್ಪನ್ನೇ ನುಡಿಸುತ್ತಿದ್ದರು. ಎಲ್ಲಿ ಎಡವಿದ್ದೆನೋ ಅಲ್ಲೇ ಎಡವಿ, ಎಷ್ಟು ಎಡವಿದ್ದೆನೋ ಅಷ್ಟೇ ಎಡವಿ. ಅಷ್ಟು ಒಳ್ಳೆಯ ಕೈಯಲ್ಲಿ ನನ್ನ ತಪ್ಪು ಕೇಳಿಸುವಾಗ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು.

“ಯಾರದು ಈ ತಪ್ಪು?” ಎನ್ನುತ್ತಿದ್ದರು.

“ನಂದು ಅಮ್ಮಾ.”

“ಈಗ ನನ್ನ ಕೈಯಲ್ಲಿದೆ. ವಾಪಸ್ ತಗೋತೀಯಾ?”

ನಾನು ವೀಣೆ ವಾಪಸ್ ತೆಗೆದುಕೊಳ್ಳುತ್ತಿದ್ದೆ. ಮತ್ತೆ ನುಡಿಸುತ್ತಿದ್ದೆ. ಸರಿಯಾದರೆ ಏನೂ ಹೇಳುತ್ತಿರಲಿಲ್ಲ, ಎದ್ದು ಹೋಗಿ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ತರುತ್ತಿದ್ದರು. ಅವರ ಕೈರೊಟ್ಟಿ ನನಗೊಬ್ಬಳಿಗೇ ಎಂದು ತಿಳಿದಿದ್ದೆ. ಆರು ಜನ ಬೇರೆ ಆರು ದಿನ ಹಾಗೇ ತಿಳಿದಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಏಳನೆಯ ವರ್ಷದ ಒಂದು ಶನಿವಾರ. ಆ ದಿನ ನನ್ನ ಬೆರಳು ಮರಗಟ್ಟಿತ್ತು, ಒಂದೂ ಸರಿಬರಲಿಲ್ಲ. ನನ್ನಿಂದಾಗಲ್ಲ, ಮುಂದಿನ ವಾರದಿಂದ ಬರಲ್ಲ ಎಂದು ಅಳುತ್ತ ಎದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸಿದರು. ಕಿವಿಸೋರೆಯನ್ನು ತೋರಿಸಿದರು. ಕಿವಿಯಿಟ್ಟೆ. ಅವರು ಆ ತುದಿಗೆ ಬಾಗಿ ಬಾಯಿಸೋರೆಗೆ ತುಟಿಯಿಟ್ಟರು.

ಮೊದಲು ಉಸಿರು ಕೇಳಿತು. ಆಮೇಲೆ ಮಾತು.

“ನೀನೇ ನನ್ನ—” ಎಂದು ಆ ಪದ ಹೇಳಿದರು. “ನಾನು ಹೋದಮೇಲೆ ಕೈ ಚಾಚು.”

ಅಷ್ಟೇ. ಆ ಪದ ಅದಕ್ಕೆ ಮೊದಲು ಕೇಳಿರಲಿಲ್ಲ. ಆದರೆ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಕಿವಿ ಎತ್ತಿದಾಗ ಅವರು ತಂತಿ ಒರೆಸುತ್ತಿದ್ದರು, ಏನೂ ನಡೆದೇ ಇಲ್ಲವೆಂಬಂತೆ. ಮನೆಗೆ ಹೋಗುವ ದಾರಿಯಲ್ಲಿ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ಗೊತ್ತಿಲ್ಲ. ಅವ್ವ ಕೇಳಿದಳು, “ಏನೇ ಇಷ್ಟು ಹೊಳೀತಿದ್ದೀಯಾ?” ನಾನು ಹೇಳಲಿಲ್ಲ. ಶನಿವಾರದವಳು ಎಂದು ಆಡಿಕೊಳ್ಳುತ್ತಿದ್ದವರಿಗೂ ಏನೂ ಹೇಳಲಿಲ್ಲ. ಒಳಗೇ ಇಟ್ಟುಕೊಂಡೆ. ಬೆಳಿಗ್ಗೆ ಎದ್ದ ಕೂಡಲೇ ಆ ಪದವನ್ನು ನೆನೆಯುತ್ತಿದ್ದೆ, ತುಟಿ ಅಲ್ಲಾಡಿಸದೆ.

ನನಗೆ ಹತ್ತೊಂಬತ್ತಾದಾಗ ಅವ್ವ ನನ್ನ ಅಣ್ಣನ ಊರಿಗೆ ಹೋದಳು. ಹೊಳೆಯ ಆಚೆ ಐದು ದಿನದ ದಾರಿ. ಅಲ್ಲಿ ಹಾಸಿಗೆ ಹಿಡಿದಳು. ‘ಶನಿವಾರದವಳನ್ನು ಕೇಳ್ತಿದ್ದಾಳೆ, ಬೇಗ ಬಾ’ ಎಂದು ಅಣ್ಣ ಹೇಳಿ ಕಳಿಸಿದ. ಅವ್ವನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು, ಪ್ರೀತಿಯಿಂದ.

ಪಾಠಕ್ಕೆ ಹೋಗಿ ಹೊಸ್ತಿಲ ಹೊರಗೇ ನಿಂತೆ.

“ಅಮ್ಮಾ, ನಮ್ಮವ್ವಂಗೆ ತುಂಬಾ ಜೋರಾಗಿದೆಯಂತೆ. ಹೋಗಿ ಬರಲಾ?”

ಅವರು ಶ್ರುತಿ ಮಾಡುತ್ತಿದ್ದರು. ಬಿರಟೆ ತಿರುಗಿಸುತ್ತಲೇ ಕೇಳಿದರು, “ಬರೋ ಶನಿವಾರಕ್ಕೆ ಇಲ್ಲಿರ್ತೀಯಾ?”

“ಹೋಗೋದಕ್ಕೇ ಐದು ದಿನ ಅಮ್ಮಾ.”

ಬಿರಟೆ ಕಿರ್ರೆಂದಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. “ನಾನೇನು ಹೇಳಲಿ ಮಗಳೇ. ನಿನಗೆ ಗೊತ್ತಲ್ಲ.”

ನಿನಗೆ ಗೊತ್ತಲ್ಲ. ಹೌದು, ನನಗೆ ಗೊತ್ತಿತ್ತು. ಇಡೀ ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ದಿನ ತಪ್ಪಿಸಿದರೆ ವೀಣೆ ಮತ್ತೆ ಬಟ್ಟೆ ಹೊದ್ದು ಕಟ್ಟೆಯ ಮೇಲೆ ಉಳಿಯುತ್ತದೆ, ಊರು ಮತ್ತೆ ಕಿವುಡಾಗುತ್ತದೆ ಎಂದುಕೊಂಡೆ. ಹೊಸ್ತಿಲು ದಾಟಿ ಒಳಗೆ ಹೋಗಿ ಕೂತೆ.

ಮೂರನೆಯ ಶನಿವಾರ ಬೆಳಿಗ್ಗೆ ಅವ್ವ ಹೋದ ಸುದ್ದಿ ಬಂತು. ಕಡೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳಂತೆ. ಆ ದಿನವೂ ಪಾಠಕ್ಕೆ ಹೋದೆ. ನುಡಿಸಿದೆ. ವೀಣೆಯಮ್ಮ ಒಂದು ಸಲವೂ ವೀಣೆಯನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳಲಿಲ್ಲ.

“ಇವತ್ತು ಒಂದೂ ತಪ್ಪಿಲ್ಲ,” ಎಂದರು. ರೊಟ್ಟಿ ತಂದರು. ತಿಂದೆ.

ಬೇಳೆಯ ಮೊರ ಪಕ್ಕಕ್ಕಿಟ್ಟೆ. ಮೊಮ್ಮಗಳು ಬರೆಯುವುದನ್ನು ಯಾವಾಗ ನಿಲ್ಲಿಸಿದ್ದಳೋ.

“ತಿಂದ್ರಾ ಅಜ್ಜಿ?”

“ತಿಂದೆ. ಬೆಣ್ಣೆ ಇತ್ತು.”

ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ. ಮುಂದಕ್ಕೆ ಹೇಳಿದೆ.

ವೀಣೆಯಮ್ಮ ಹೋದದ್ದು ನನಗೆ ಇಪ್ಪತ್ತಾರಾದಾಗ, ಮಲಗಿದಲ್ಲೇ, ಚಪ್ಪಟೆ ಕಿವಿ ದಿಂಬಿಗೆ ಒತ್ತಿಕೊಂಡು. ಎಂಟು ದಿನ ನಾನು ಊಟ ಬಿಟ್ಟೆ. ಒಂಬತ್ತನೆಯ ಬೆಳಿಗ್ಗೆ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಕೂದಲಲ್ಲೇ ಕಟ್ಟೆಗೆ ಹೋದೆ. ಆರು ಜನ ಆಗಲೇ ಬಂದಿದ್ದರು. ಅವರ ಕೂದಲೂ ಒದ್ದೆಯಾಗಿತ್ತು. ನನಗೆ ಅವರ ಮೇಲೆ ಕನಿಕರ ಉಕ್ಕಿತು. ಪಾಪ, ಎಷ್ಟು ವರ್ಷ ಕಲಿತರು, ಇವತ್ತು ಬರಿಗೈಯಲ್ಲಿ ಮನೆಗೆ ಹೋಗುತ್ತಾರಲ್ಲ ಎನಿಸಿತು. ಸೋಮವಾರದವಳು ನನ್ನನ್ನು ನೋಡಿ ಮೆಲ್ಲಗೆ ನಕ್ಕಳು. ಆ ನಗುವಿನಲ್ಲೂ ಕನಿಕರವಿತ್ತು. ಅದು ಏಕೆಂದು ಆಗ ತಿಳಿಯಲಿಲ್ಲ.

ಕಟ್ಟೆಯ ಹಿರಿಯ ಬಟ್ಟೆ ತೆಗೆದು ಮಡಿಸಿದ. ಕೆಳಗಿಳಿದ. ಊರು ಬೆನ್ನು ತಿರುಗಿಸಿತು. ನಾನು ಅವ್ವನನ್ನು ನೆನೆದು ಕೈ ಚಾಚಿದೆ.

ಏಳು ಕೈ ಮುಂದೆ ಬಂದವು.

ಏಳು ಕೈ ಒಟ್ಟಿಗೆ ವೀಣೆಯನ್ನು ಹಿಡಿದವು. ನನ್ನ ಕೈ ದಂಡಿಯ ಮೇಲೆ, ನನ್ನ ಕೈಯ ಮೇಲೆ ಗುರುವಾರದವನ ಕೈ, ಅದರ ಪಕ್ಕ ಇನ್ನೊಂದು, ಮತ್ತೊಂದು. ಒಂದೂ ಕೈ ಹಿಂದೆ ಸರಿಯಲಿಲ್ಲ. ಊರಿನ ಬೆನ್ನುಗಳು ನಾದಕ್ಕಾಗಿ ಕಾಯುತ್ತಿದ್ದವು.

“ಕೈ ತೆಗೀರೋ,” ಸೋಮವಾರದವಳು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

“ನೀನು ತೆಗಿ. ನಾಚಿಕೆ ಆಗಲ್ವಾ?” ಎಂದ ಮಂಗಳವಾರದವನು.

“ಅವರ ಚಾಪೆ ಇನ್ನೂ ಸುತ್ತಿಲ್ಲ, ಆಗಲೇ ಕಳ್ಳತನಕ್ಕೆ ಕೂತಿದ್ದೀರಲ್ಲ, ಥೂ,” ಎಂದಳು ಬುಧವಾರದವಳು.

ಭಾನುವಾರದವನು ನನ್ನ ಕಡೆ ಗದ್ದ ಎತ್ತಿದ. “ಇವಳನ್ನು ನೋಡಿ, ಶನಿ ಹೆಗಲೇರಿದ ಹಾಗೆ ಹಿಡಕೊಂಡಿದ್ದಾಳೆ. ಬಿಡೇ!”

“ಇದಕ್ಕೋಸ್ಕರ ನಾನು ಮದುವೆ ಬೇಡ ಅಂದೆ,” ಶುಕ್ರವಾರದವಳು ಅಳತೊಡಗಿದಳು. “ಎರಡು ಸಲ ಗಂಡಿನವರು ಬಂದಿದ್ದರು. ನಿಮಗೇನು ಗೊತ್ತು?”

ನನ್ನ ಕೈಯ ಮೇಲಿದ್ದ ಕೈ ಗುರುವಾರದವನದು ಎಂದೆನಲ್ಲ, ಅವನು ಎಲ್ಲರಿಗಿಂತ ಮೆತ್ತನೆಯವನು. ಅವನು ಯಾರನ್ನೂ ಬೈಯಲಿಲ್ಲ. “ನನ್ನ ಕೂಸು ಹುಟ್ಟಿ ಎರಡೇ ದಿನ ಇತ್ತು,” ಎಂದ. “ಹೆಂಡತಿ ತೌರಲ್ಲಿದ್ದಳು. ನೋಡೋಕೆ ಹೋಗಲಿಲ್ಲ ನಾನು. ಗುರುವಾರ ತಪ್ಪಿಹೋಗ್ತಿತ್ತು.”

“ಯಾಕೆ ಹೋಗಲಿಲ್ಲ?” ನಾನು ಕೇಳಿದೆ.

ಅವನು ನನ್ನನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ. ಅವನು ಹೇಳುವಂತಿರಲಿಲ್ಲ. ಆ ಮುಚ್ಚಿದ ಬಾಯಿ ನಾನು ಬಲ್ಲೆ. ಹತ್ತು ವರ್ಷ ಅದು ನನ್ನ ಮುಖದ ಮೇಲಿತ್ತು. ‘ಏನೇ ಇಷ್ಟು ಹೊಳೀತಿದ್ದೀಯಾ’ ಎಂದು ಅವ್ವ ಕೇಳಿದಾಗ ಮುಚ್ಚಿದ ಬಾಯಿ ಅದು. ಉಳಿದ ಆರು ಮುಖಗಳನ್ನೂ ನೋಡಿದೆ. ಆರು ಬಾಯಿಗಳೂ ಒಂದೇ ಥರ ಮುಚ್ಚಿದ್ದವು.

“ನೀನೇ ನನ್ನ—” ಎಂದೆ, ಗಟ್ಟಿಯಾಗಿ.

ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಮಾತು ನಿಲ್ಲಲಿಲ್ಲ. ಸೋಮವಾರದವಳು, ತನಗೆ ಗೊತ್ತಿಲ್ಲದೆಯೇ, ಆ ಪದವನ್ನು ಹೇಳಿದಳು.

“ನಾನು ಹೋದಮೇಲೆ,” ಎಂದ ಮಂಗಳವಾರದವನು.

“ಕೈ,” ಎಂದಳು ಬುಧವಾರದವಳು.

“ಚಾಚು,” ಎಂದ ಗುರುವಾರದವನು, ಮತ್ತು ಅತ್ತ.

ಶುಕ್ರವಾರದವಳೂ ಭಾನುವಾರದವನೂ ಏನೂ ಹೇಳಲಿಲ್ಲ. ಹೇಳಲು ಇನ್ನೇನೂ ಉಳಿದಿರಲಿಲ್ಲ.

“ಯಾರದು ಬಾಯಿ ಬಿಟ್ಟಿದ್ದು?” ಕಟ್ಟೆಯ ಹಿರಿಯ ಬೆನ್ನು ತಿರುಗಿಸಿಕೊಂಡೇ ಗುಡುಗಿದ.

ಏಳು ಕೈಗಳೂ ಬೆಚ್ಚಿ ಒಂದೇ ಸಲ ಎಳೆದವು. ಒಂದು ತಂತಿ ಕಿತ್ತು ಬಂತು. ಅದು ನನ್ನ ಬೆರಳಿಗೆ ಸುತ್ತಿಕೊಂಡು ಚರ್ಮ ಕೊಯ್ಯಿತು. ತಂತಿ ಕಿತ್ತುಬಂದ ಸದ್ದನ್ನೇ ನಾದವೆಂದು ತಿಳಿದು ಊರು ನಮ್ಮ ಕಡೆ ತಿರುಗಿತು.

“ಸೋರೆಯ ಮಾತು ಆಡಿದವರು ಯಾರು?”

ಆಗ ಆರು ಕೈ ವೀಣೆಯನ್ನು ಬಿಟ್ಟವು. ಆರು ಕೈ ಮೇಲೆದ್ದವು. ಆರು ಕೈ ನನ್ನ ಕಡೆಗೆ ಬೆರಳು ತೋರಿಸಿದವು. ಮೊದಲು ಸೋಮವಾರದವಳದು, ಎಲ್ಲಕ್ಕಿಂತ ಕೊನೆಗೆ ಗುರುವಾರದವನದು. ಆದರೆ ಅವನದೂ.

ಆ ಹೊತ್ತಿನಲ್ಲಿ ವೀಣೆ ನನ್ನೊಬ್ಬಳ ಕೈಯಲ್ಲಿತ್ತು. ಅದರ ಇಡೀ ಭಾರ ನನ್ನ ಮಡಿಲಿಗೆ ಬಿತ್ತು. ನನ್ನ ಬಾಳಿನಲ್ಲಿ ಅದು ಪೂರ್ತಿ ನನ್ನದಾಗಿದ್ದು ಅಷ್ಟೇ ಹೊತ್ತು.

“ನೀನಾ?” ಎಂದ ಹಿರಿಯ.

ನಾನು ಅರ್ಧ ಆಡಿದ್ದೆ. ಆ ಪದವನ್ನಂತೂ ಆಡಿಯೇ ಇರಲಿಲ್ಲ. ಹಾಗೆಂದು ಹೇಳಬಹುದಿತ್ತು. ಆದರೆ ಉಳಿದವರು ಏನು ಆಡಿದರೆಂದು ಹೇಳದೆ ಅದನ್ನು ಹೇಳುವುದು ಹೇಗೆ?

“ಹೌದು,” ಎಂದೆ.

ಮಧ್ಯಾಹ್ನದೊಳಗೆ ಹೊಳೆ ದಾಟಿದೆ. ದೋಣಿಯವನು ಕೂಡ ನನ್ನ ಕಡೆ ಬೆನ್ನು ಹಾಕಿಯೇ ಹುಟ್ಟು ಹಾಕಿದ. ಬೆರಳಿನಲ್ಲಿ ತಂತಿ ಹಾಗೇ ಸುತ್ತಿಕೊಂಡಿತ್ತು.

ಎಷ್ಟೋ ದಿನ ನಡೆದ ಮೇಲೆ ಹೊಳೆಯ ಮೇಲ್ದಂಡೆಯ ಒಂದು ಊರು ಸಿಕ್ಕಿತು. ಊರ ಹೊರಗೆ ಚಪ್ಪರದ ತುಂಬ ಸೋರೆಕಾಯಿ ಜೋತುಬಿದ್ದಿದ್ದವು. ಒಣಗಿದವನ್ನು ಒಬ್ಬ ಮುದುಕ ಬಡಿದು ನೋಡುತ್ತಿದ್ದ. ಅವನ ಬಲಗಿವಿ ಚಪ್ಪಟೆಯಾಗಿತ್ತು. ನಾನು ನಿಂತುಬಿಟ್ಟೆ.

“ಏನು ನೋಡ್ತೀಯಾ ತಾಯಿ, ಸೋರೆನಾ ನನ್ನ ಕಿವಿನಾ?”

“ಈ ಥರ ಕಿವಿ ಇನ್ನೊಬ್ಬರದು ನೋಡಿದ್ದೆ,” ಎಂದೆ. ಹೇಳಿದೆ. ಬರಿಗಾಲಲ್ಲಿ ಬಂದದ್ದು, ಕಟ್ಟೆ ಹತ್ತಿದ್ದು, ಕೈ ಚಾಚಿದ್ದು.

ಮುದುಕ ಕೆಮ್ಮು ಬರುವವರೆಗೆ ನಕ್ಕ. “ಕೈ ಚಾಚಿಬಿಟ್ಟಳಾ! ಅಯ್ಯೋ ಗಟ್ಟಿಗಿತ್ತಿ! ಯಾರೂ ಕೇಳಲಿಲ್ವಾ?”

“ಕೇಳೋ ಹಾಗಿಲ್ಲವಲ್ಲ.”

“ಅದು ನಿಜ. ಅದು ನಿಜ.” ಅವನ ನಗು ಮೆಲ್ಲಗೆ ಇಳಿಯಿತು. “ಅವಳೂ ನಾನೂ ಒಟ್ಟಿಗೆ ಕಲಿತದ್ದು. ಹನ್ನೊಂದು ಜನ ಇದ್ದೆವು. ಹನ್ನೆರಡು ವರ್ಷ ಸೋರೆಗೆ ಕಿವಿ ಇಟ್ಟೆವು. ನಮ್ಮ ಗುರು ಒಬ್ಬನಿಗೆ ಹೇಳಿದ. ಹತ್ತು ಜನಕ್ಕೆ ಗಾಳಿ.”

“ಅವರಿಗೆ?”

“ಅವಳಿಗೂ ಗಾಳಿ. ದಿನಾ ಎಲ್ಲರಿಗಿಂತ ಹೆಚ್ಚು ಹೊತ್ತು ಒತ್ತಿಕೊಂಡು ಕೂರ್ತಿದ್ದಳು. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ಹೇಳಿಸಿಕೊಂಡವನ ಕೈ ಮುಂದೆ ಹೋಯ್ತು ನೋಡು ಆ ಒಂಬತ್ತನೇ ಬೆಳಿಗ್ಗೆ, ಇವಳ ಕೈ ಮಡಿಲಲ್ಲೇ ಉಳೀತು.”

“ಹೇಳಿಸಿಕೊಂಡವನು ಈಗ ಕಲಿಸ್ತಾನಾ?”

“ಅವನಾ? ಎಮ್ಮೆ ಕಟ್ಟಿಕೊಂಡು ಹಾಯಾಗಿದ್ದಾನೆ. ವೀಣೆ ಅಟ್ಟದ ಮೇಲಿದೆ. ನಮ್ಮ ಹತ್ತು ಜನರ ಹೊಟ್ಟೆಕಿಚ್ಚಿಗೆ ಅವನ ಹಾಲು ಒಂದು ದಿನ ಒಡೆಯಲಿಲ್ಲ, ಅದೇ ಬೇಜಾರು.” ಅವನು ಒಂದು ಸೋರೆಯನ್ನು ಬಡಿದ, ಕಿವಿಗೆ ಹಿಡಿದ, ಕೆಳಗಿಟ್ಟ. “ಊರು ಬಿಡುವಾಗ ಇಲ್ಲೇ ನಿಂತು ಒಂದು ಮಾತು ಹೇಳಿದಳು. ‘ನನ್ನ ಹತ್ತಿರ ಕಲಿತವರು ಯಾರೂ ಖಾಲಿ ಸೋರೆಗೆ ಕಿವಿ ಕೊಡಬಾರದು.’ ಹಾಗೇ ಮಾಡಿದಳಾ?”

“ಮಾಡಿದರು,” ಎಂದೆ.

“ಒಳ್ಳೆಯವಳು.”

ನಾನು ಕೇಳಿದೆ, “ಸೋರೆಯೊಳಗೆ ಹೇಳೋ ಪದ ಒಂದಿದೆಯಲ್ಲ, ಅದು...”

“ಯಾವ ಪದ?” ಅವನ ಕಣ್ಣು ಮಗುವಿನ ಕಣ್ಣಿನಂತೆ ಅರಳಿತು. “ಒಂದು ಪದ ಬೇರೆ ಇದೆಯಾ? ನನಗೆ ಗೊತ್ತಿಲ್ಲಮ್ಮ. ಅವಳಿಗೂ ಗೊತ್ತಿರಲಿಲ್ಲ.”

ಎಂದರೆ ಆ ಪದ ಅವರೇ ಕಟ್ಟಿದ್ದು. ಯಾವ ಗುರುವೂ ಅವರಿಗೆ ಕೊಟ್ಟಿರಲಿಲ್ಲ. ಯಾವುದೋ ಸಂಜೆ ಒಬ್ಬರೇ ಕೂತು, ತಮಗೆ ಯಾರಾದರೂ ಹೇಳಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿ ಕಟ್ಟಿರಬೇಕು. ನಮ್ಮವ್ವ ಬಾಗಿಲ ಕಡೆ ಮುಖ ಮಾಡಿ ಸತ್ತದ್ದು ಆ ಪದಕ್ಕಾಗಿ.

ಮುದುಕ ನನಗೆ ಒಂದು ಸೋರೆ ಕೊಡಲು ಬಂದ. ಬೇಡವೆಂದೆ. ನಡೆದೆ. ನೆಲ ಮುಗಿದು ಸಮುದ್ರ ಬರುವವರೆಗೂ ನಡೆದೆ. ಇಲ್ಲಿ ಯಾರಿಗೂ ಹೊಳೆ ಗೊತ್ತಿಲ್ಲ, ಕಟ್ಟಳೆ ಗೊತ್ತಿಲ್ಲ, ಮನೆಯವರನ್ನು ಬಿಟ್ಟರೆ ನನ್ನ ಭಾಷೆಯೂ ಗೊತ್ತಿಲ್ಲ. ಇಲ್ಲಿ ಒಲೆ ಹೂಡಿದೆ, ಮಗನನ್ನು ಹೆತ್ತೆ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದೆ. ವೀಣೆ ಮುಟ್ಟಲಿಲ್ಲ. ನಮ್ಮೂರಿನಲ್ಲಿ ಉಳಿದ ಆರು ಜನ ವಾರ ಹಂಚಿಕೊಂಡು ವೀಣೆ ನುಡಿಸುತ್ತಾರೆಂದೂ, ಶನಿವಾರ ಮಾತ್ರ ಅದಕ್ಕೆ ಬಟ್ಟೆ ಹೊದಿಸಿರುತ್ತಾರೆಂದೂ ಎಷ್ಟೋ ವರ್ಷದ ಮೇಲೆ ಒಬ್ಬ ಪ್ರಯಾಣಿಕ ಹೇಳಿದ. ನಿಜವೋ ಸುಳ್ಳೋ. ಆ ತಂತಿ ಮಾತ್ರ ನನ್ನ ಹತ್ತಿರ ಇದೆ, ಕುಂಕುಮದ ಭರಣಿಯಲ್ಲಿ ಸುತ್ತಿಟ್ಟಿದ್ದೇನೆ.

ನಾನು ನಿಲ್ಲಿಸಿದೆ. ಮೊಮ್ಮಗಳು ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು. ಅವಳ ಹುಬ್ಬು ಗಂಟಾಗಿತ್ತು.

“ಆ ತಂತಿ ನನಗೇ ಅಂತ ಹೇಳಿದ್ರಿ ಅಜ್ಜಿ.”

“ಹೇಳಿದ್ದೆ.”

“ಗೆಳತಿಯರು ನನ್ನನ್ನ ಆಟಕ್ಕೆ ಸೇರಿಸಿಕೊಳ್ಳದ ದಿನ. ಕಿವಿಯಲ್ಲಿ ಹೇಳಿದ್ರಿ. ಯಾರಿಗೂ ಹೇಳಬೇಡ ಅಂದ್ರಿ.”

“ಹೌದು ಮಗಾ.”

“ಅಕ್ಕನಿಗೂ ಹೇಳಿದ್ದೀರಂತೆ.”

ನನ್ನ ಕೈ ಮೊರದ ಮೇಲೆಯೇ ನಿಂತಿತು. ದೊಡ್ಡವಳಿಗೆ ದಡಾರ ಎದ್ದಿದ್ದಾಗ, ಮೂರು ದಿನ ಅವಳು ಕಣ್ಣು ಬಿಡದೇ ಇದ್ದಾಗ, ಹಾಸಿಗೆಯ ಪಕ್ಕ ಬಗ್ಗಿ ನಾನು ಏನೇನೋ ಹೇಳಿದ್ದೆ. ಕಣ್ಣು ಬಿಡು ಎಂದಿದ್ದೆ. ನೀನೇ ನನ್ನ ಸರ್ವಸ್ವ ಎಂದಿದ್ದೆ. ತಂತಿಯ ಮಾತೂ ಹೇಳಿರಬೇಕು. ಆಗ ಆ ಮಗುವಿಗೆ ಏನು ಬೇಕಾದರೂ ಕೊಡುತ್ತಿದ್ದೆ. ಅದನ್ನು ಈಗಾಗಲೇ ಇನ್ನೊಬ್ಬಳಿಗೆ ಕೊಟ್ಟಿದ್ದೇನೆಂಬ ನೆನಪೇ ಇರಲಿಲ್ಲ.

“ಅಕ್ಕ ಯಾವಾಗ ಹೇಳಿದಳು ನಿನಗೆ?”

“ಹೋದ ವಾರ ಜಗಳ ಆಡುವಾಗ. ನಾನು ಸುಳ್ಳು ಹೇಳ್ತಿದ್ದೀನಿ ಅಂದಳು. ನಾನು ಅವಳ ಕೂದಲು ಹಿಡಿದು ಎಳೆದೆ.” ಅವಳ ಕಣ್ಣು ತುಂಬಿತ್ತು. ಆದರೆ ಅವಳು ನನ್ನ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ. “ಯಾರಿಗೆ ಹೇಳಿದ್ದು ನಿಜ ಅಜ್ಜಿ?”

ಆ ಶನಿವಾರ ನಾನು ಅಳುತ್ತ ಎದ್ದಾಗ ವೀಣೆಯಮ್ಮ ನನ್ನ ಸೆರಗು ಹಿಡಿದದ್ದು ನೆನಪಾಯಿತು. ಉಳಿದ ಆರು ಜನರೂ ಯಾವುದೋ ಒಂದು ದಿನ ಹಾಗೆಯೇ ಅಳುತ್ತ ಎದ್ದಿರಬೇಕು. ವೀಣೆಯಮ್ಮನಿಗೆ ಏಕೆ ಎಲ್ಲರಿಗೂ ಹಾಗೆ ಹೇಳಬೇಕೆನಿಸಿತು ಎಂಬುದು ನನಗೀಗ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವ್ವ ಮುಖ ಮಾಡಿ ಮಲಗಿದ್ದ ಬಾಗಿಲು ಇನ್ನೂ ತೆರೆದೇ ಇದೆ. ಅದರಲ್ಲಿ ಯಾರೂ ಒಳಗೆ ಬರಲಿಲ್ಲ. ‘ಹೋಗು’ ಎನ್ನಲು ಒಂದೇ ಉಸಿರು ಸಾಕಾಗಿತ್ತು. ಅವರು ಬಿರಟೆ ತಿರುಗಿಸಿದರು. ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಮೊರದಲ್ಲಿ ಬೇಳೆ ಹರಡಿತ್ತು. ಕೈಯಾಡಿಸಿದೆ. ಪದ ನಾಲಿಗೆಯ ತುದಿಗೆ ಬಂತು. ಈ ಸಲ ಕೈ ನಿಲ್ಲಿಸಲಿಲ್ಲ. ಅದೂ ಒಳಗೆ ಸರಿಯಲಿಲ್ಲ.

“ತುಂಬುಗಿವಿ,” ಎಂದೆ.

ನನ್ನ ಬಾಯಿಂದ ಅದು ಹೊರಬಂದದ್ದು ಅದೇ ಮೊದಲು. ಬಿಸಿಲಿನಲ್ಲಿ, ಬೇಳೆಯ ಮೇಲೆ, ಅಷ್ಟೇನೂ ದೊಡ್ಡ ಪದವಲ್ಲ ಎನಿಸಿತು.

“ಅಕ್ಕನನ್ನು ಕರಿ,” ಎಂದೆ. “ಒಳಗಿದ್ದಾಳೆ, ಕರಿ. ಬಂದು ಇಲ್ಲಿ ಕೂರಲಿ. ನೀನು ಆ ಪುಸ್ತಕದಲ್ಲಿ ಹೊಸ ಹಾಳೆ ತೆಗಿ. ಮೊದಲು ಆ ಪದ ಬರೆ. ಅದರ ಕೆಳಗೆ ಬರೆ, ತಂತಿ ಒಂದೇ ಇದೆ, ಅಜ್ಜಿ ಅದನ್ನು ಇಬ್ಬರಿಗೂ ಕೊಡುತ್ತೇನೆಂದು ಬೇರೆಬೇರೆಯಾಗಿ ಹೇಳಿದ್ದಾಳೆ ಅಂತ. ಹಾಗೇ ಬರೆ, ಒಂದಕ್ಷರ ಬಿಡಬೇಡ. ಬಾಯಿ ಮುಚ್ಚಿಕೊಂಡು ಬರೆಯಬೇಡ ಮಗಾ, ಬೀದಿಗೆ ಕೇಳುವ ಹಾಗೆ ಓದುತ್ತಾ ಬರೆ.”